ಲಾಕ್ಸ್‌ನಲ್ಲಿ ನಾಲ್ಕು ದಿನ: ಸ್ನೋಬೋರ್ಡ್ ಪಂದ್ಯದ ಅರ್ಹತಾ ಸುತ್ತು ಕಂಡ ಕಥನ

ಮೊದಲನೆಯ ದಿನ, ಬುಧವಾರ

ಜನವರಿಯ ಮೂರನೆಯ ವಾರದಲ್ಲಿ ರಜೆ ಹಾಕಿ ಸ್ವಿಟ್ಜರ್‌ಲೆಂಡಿನ ಲಾಕ್ಸ್ ಎಂಬ ಊರಿಗೆ, ಎರಡೂ ಪಾದಗಳನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಪಂದ್ಯ ನೋಡಲು ಹೊರಟಿದ್ದೇನೆಂದು ಸಾಗರದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ತಿಳಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಆ ಚಳಿಯಲ್ಲಿ ಅದನ್ನು ನೋಡಲಿಕ್ಕೆ ಎಷ್ಟು ಜನ ಬರುತ್ತಾರೋ?" ಜ್ಯೂರಿಕ್‌ನಲ್ಲಿ ಒಂಬತ್ತು ಚಳಿಗಾಲ ಕಳೆದಿದ್ದರೂ ಒಮ್ಮೆಯೂ ಹಲಗೆಯ ಮೇಲೆ ನಿಂತವನಲ್ಲದ ನನ್ನ ಬಳಿ ಉತ್ತರವಿರಲಿಲ್ಲ. ಆಕೆಯ ಮಗ, ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ನನ್ನ ಸೋದರಳಿಯ, ನಾಲ್ಕು ವರ್ಷಗಳಿಂದ ಈ ಆಟದ ಹುಚ್ಚು ಹಿಡಿಸಿಕೊಂಡವನು. ಈ ಪ್ರಯಾಣದ ಏರ್ಪಾಡೆಲ್ಲ ಅವನದೇ. ಫೈನಲ್ ನೋಡುವುದಕ್ಕಿಂತ ಅರ್ಹತಾ ಸುತ್ತು ನೋಡುವುದು ಮುಖ್ಯವೆಂಬ ಅವನ ಮಾತು ನನಗೆ ಆಗ ವಿಚಿತ್ರವಾಗಿ ಕೇಳಿಸಿತ್ತು.

ಜ್ಯೂರಿಕ್‌ನಿಂದ ಕೂರ್ ನಗರಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ವಾಲೆನ್ ಸರೋವರದ ಅಂಚಿನಲ್ಲಿ ರೈಲು ಸಾಗುವಾಗ ಎದುರು ದಡದ ಬಂಡೆಗಳು ನೀರಿನಿಂದ ನೇರವಾಗಿ ಎದ್ದು ನಿಲ್ಲುತ್ತವೆ; ಆ ನೋಟವನ್ನು ಬಿಟ್ಟರೆ ದಾರಿಯ ಬಗ್ಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಆದರೆ ಕೂರ್‌ನ ಬಗ್ಗೆ ಹೇಳಬೇಕು. ಈ ನಗರದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ, ಬೆಟ್ಟದ ಮೇಲೂ ಸರಿಯಾಗಿ ಹಿಮ ಬೀಳುವ ಮೊದಲೇ, ಕಬ್ಬಿಣದ ಕೊಳವೆಗಳ ಅಟ್ಟಣೆ ಕಟ್ಟಿ ಅದರ ಮೇಲೆ ಹಿಮ ಹಾಸಿ ಬಿಗ್ ಏರ್ ಎಂಬ ವಿಶ್ವಕಪ್ ಪಂದ್ಯವನ್ನು ನಡೆಸಿದ್ದಾರೆ. ಒಂದೇ ಒಂದು ದೊಡ್ಡ ಜಿಗಿತ, ಅದರೊಳಗೆ ಎಷ್ಟು ಸುತ್ತು ತಿರುಗಲು ಸಾಧ್ಯವೋ ಅಷ್ಟು. ಪಕ್ಕದಲ್ಲಿ ಸಂಗೀತದ ವೇದಿಕೆ. ಹಿಮವಿರುವ ಕಡೆಗೆ ಜನರು ಬಾರದಿದ್ದರೆ ಜನರಿರುವ ಕಡೆಗೆ ಹಿಮವನ್ನೇ ಒಯ್ಯುವ ಉಪಾಯವಿದು. 2018ರಲ್ಲಿ ಒಲಿಂಪಿಕ್ಸ್ ಸೇರಿದ ಬಿಗ್ ಏರ್, 2022ರಲ್ಲಿ ಬೀಜಿಂಗ್‌ನ ಹಳೆಯ ಉಕ್ಕಿನ ಕಾರ್ಖಾನೆಯ ಆವರಣದಲ್ಲಿ, ತಂಪುಗೋಪುರಗಳ ಮಗ್ಗುಲಿನಲ್ಲಿ ನಡೆದದ್ದೂ ಇದೇ ಲೆಕ್ಕಾಚಾರದಿಂದ.

ಕೂರ್ ನಿಲ್ದಾಣದ ಮುಂದಿನ ಬೀದಿಯಿಂದಲೇ ಆರೋಸಾ ಎಂಬ ಊರಿಗೆ ಕೆಂಪು ಬಣ್ಣದ ಪುಟ್ಟ ರೈಲು ಹೊರಡುತ್ತದೆ. ಅದನ್ನು ತೋರಿಸಿ ಸೋದರಳಿಯ, "ಗಿಯಾನ್ ಸಿಮ್ಮೆನ್ ಆ ಊರಿನವನು, ಮಾವ" ಎಂದನು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಸಲ ಸೇರ್ಪಡೆಯಾದಾಗ ಪುರುಷರ ಹಾಫ್‌ಪೈಪ್ (ಅರ್ಧ ಕೊಳವೆಯಾಕಾರದ ಹಿಮದ ಹಾದಿಯ ಸ್ಪರ್ಧೆ) ಚಿನ್ನವನ್ನು ಗೆದ್ದವನು ಸಿಮ್ಮೆನ್. ಆ ದಿನ ಅಲ್ಲಿ ಹಿಮದ ಬದಲು ಮಳೆ ಸುರಿಯುತ್ತಿತ್ತಂತೆ. ಮಳೆಯಲ್ಲೇ ಬೆಳೆದ ನನಗೆ ಈ ಆಟದ ಜೊತೆ ಮೊದಲು ನೆಂಟಸ್ತಿಕೆ ಹುಟ್ಟಿದ್ದು ಬಹುಶಃ ಅಲ್ಲಿಯೇ.

ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸು ಫ್ಲಿಮ್ಸ್ ದಾಟಿ ಲಾಕ್ಸ್‌ಗೆ ಏರುತ್ತದೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಒಂದು ಬೆಟ್ಟವೇ ಕುಸಿದು ರೈನ್ ನದಿಯನ್ನು ಅಡ್ಡಗಟ್ಟಿತ್ತು. ಆ ಕುಸಿತದ ರಾಶಿಯ ಮೇಲೆಯೇ ಇಂದಿನ ಊರುಗಳೂ ಕಾಡುಗಳೂ ಇವೆ. ಬಸ್ಸಿನಲ್ಲಿ ಕುಳಿತವರಿಗಿಂತ ಉದ್ದನೆಯ ಹಲಗೆಚೀಲಗಳೇ ಹೆಚ್ಚು ಜಾಗ ಹಿಡಿದಿದ್ದವು. ಆ ಚೀಲಗಳ ಮೇಲಿನ ವಿಮಾನ ಚೀಟಿಗಳನ್ನು ನಾನು ಓದುತ್ತ ಕುಳಿತೆ: ಟೋಕಿಯೋ, ಸೋಲ್, ಡೆನ್ವರ್, ಮೆಲ್ಬೋರ್ನ್.

ಎರಡನೆಯ ದಿನ, ಗುರುವಾರ

ಬೆಳಿಗ್ಗೆ ಎಂಟು ಗಂಟೆಗೆ ಕೇಬಲ್ ಕಾರು ನಮ್ಮನ್ನು ಕ್ರಾಪ್ ಸೋನ್ ಜೋನ್ ಎಂಬ ನೆತ್ತಿಗೆ ಒಯ್ದಿತು. ಸ್ವಿಟ್ಜರ್‌ಲೆಂಡಿನ ನಾಲ್ಕನೆಯ ರಾಷ್ಟ್ರಭಾಷೆಯಾದ ರೊಮಾನ್ಶ್‌ನಲ್ಲಿ ಕ್ರಾಪ್ ಎಂದರೆ ಬಂಡೆ. ಸಂತ ಜಾನನ ಬಂಡೆಯೆಂಬುದು ಆ ಹೆಸರಿನ ಅರ್ಥ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಆ ಜಾಗದಲ್ಲಿ ಹಾಫ್‌ಪೈಪ್ ಎಂಬುದನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ದೂರದಿಂದ ಅದು, ಉದ್ದಕ್ಕೆ ಸೀಳಿ ತಿರುಳು ತೆಗೆದ ಅಡಿಕೆಯ ದಬ್ಬೆಯಂತೆ, ಇಳಿಜಾರಿನಲ್ಲಿ ಮಲಗಿತ್ತು. ಹತ್ತಿರ ಹೋಗಿ ಅದರ ಅಡಿಯಲ್ಲಿ ನಿಂತಾಗ ಮಾತ್ರ ಅಳತೆ ಅರಿವಿಗೆ ಬಂದಿತು: ಉದ್ದ 200 ಮೀಟರ್, ಎರಡೂ ಬದಿಯ ಹಿಮದ ಗೋಡೆಗಳ ಎತ್ತರ 6.90 ಮೀಟರ್. ಒಲಿಂಪಿಕ್ಸ್‌ನಲ್ಲಿ ರೂಢಿಯಲ್ಲಿರುವ ಅಳತೆ 22 ಅಡಿ, ಎಂದರೆ 6.7 ಮೀಟರ್, ಅದಕ್ಕಿಂತಲೂ ಇದು ಒಂದು ಗೇಣಿನಷ್ಟು ಹೆಚ್ಚು. ಆಟಗಾರರು ಈ ಗೋಡೆಯನ್ನು ಏರಿ, ಅಂಚು ದಾಟಿ, ಅದರ ಮೇಲೆ ಮತ್ತೆ ನಾಲ್ಕೈದು ಮೀಟರ್ ಆಕಾಶಕ್ಕೆ ಹಾರುತ್ತಾರೆ. ಎರಡು ಅಂತಸ್ತಿನ ಮನೆಯ ಸೂರಿನಿಂದ ಹಾರಿ, ಇನ್ನೊಂದು ಅಂತಸ್ತು ಮೇಲೇರಿ, ಮತ್ತೆ ಅದೇ ಸೂರಿನ ಅಂಚಿಗೆ ಕಾಲು ತಾಗಿಸಿ ಜಾರಿ ಇಳಿಯುವುದೆಂದರೆ ಹೇಗಿರಬಹುದೆಂದು ಊಹಿಸಿಕೊಂಡರೆ ಸಾಕು.

ಆ ದಿನ ಅರ್ಹತಾ ಸುತ್ತು. ಪ್ರತಿಯೊಬ್ಬರಿಗೂ ಎರಡು ಅವಕಾಶ. ಎರಡರಲ್ಲಿ ಉತ್ತಮವಾದದ್ದು ಲೆಕ್ಕಕ್ಕೆ. ಒಂದು ಓಟದಲ್ಲಿ ಐದಾರು ಜಿಗಿತಗಳು, ಒಟ್ಟು ಸಮಯ ಅರ್ಧ ನಿಮಿಷದ ಆಸುಪಾಸು. ತೀರ್ಪುಗಾರರು ನೂರಕ್ಕೆ ಅಂಕ ಕೊಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಆರು ಮಂದಿ ತೀರ್ಪುಗಾರರಿದ್ದು, ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳನ್ನು ಕಳೆದು, ಉಳಿದ ನಾಲ್ಕರ ಸರಾಸರಿ ತೆಗೆಯುತ್ತಾರೆ. ಎತ್ತರ, ಕಷ್ಟ, ವೈವಿಧ್ಯ, ಇಳಿಯುವಾಗಿನ ಹಿಡಿತ ಎಲ್ಲವನ್ನೂ ಒಟ್ಟಾಗಿ ನೋಡಿ ಕೊಡುವ ಅಂಕವಾದ್ದರಿಂದ ಜಗಳಕ್ಕೆ ಸದಾ ಜಾಗವಿದೆ. 2022ರ ಬೀಜಿಂಗ್ ಫೈನಲ್‌ನ ಎರಡನೆಯ ಓಟದಲ್ಲಿ ಜಪಾನಿನ ಅಯುಮು ಹಿರಾನೊ, ಗಾಳಿಯಲ್ಲಿ ಮೂರು ಸಲ ತಲೆಕೆಳಗಾಗಿ ನಾಲ್ಕು ಸುತ್ತು ತಿರುಗುವ ಟ್ರಿಪಲ್ ಕಾರ್ಕ್ 1440 ಎಂಬ ವರಸೆಯನ್ನು ಹಾಕಿಯೂ 91.75 ಅಂಕ ಪಡೆದು ಆಸ್ಟ್ರೇಲಿಯದ ಸ್ಕಾಟಿ ಜೇಮ್ಸ್‌ನ ಹಿಂದೆ ಉಳಿದಾಗ ಜಗತ್ತಿನ ಹಲವೆಡೆಗಳಿಂದ ಆಕ್ಷೇಪ ಎದ್ದಿತು; ಹಿರಾನೊ ಮಾತ್ರ ಮೂರನೆಯ ಓಟದಲ್ಲಿ ಅದನ್ನೇ ಇನ್ನಷ್ಟು ಚೊಕ್ಕಟವಾಗಿ ಹಾಕಿ 96 ಅಂಕದೊಂದಿಗೆ ಚಿನ್ನ ಒಯ್ದನು. ಈ ಸಂಖ್ಯೆಗಳ ಭಾಷೆಯನ್ನು ಸೋದರಳಿಯ ನನಗೆ ಕಲಿಸಿಕೊಟ್ಟನು: 360 ಎಂದರೆ ಒಂದು ಪೂರ್ಣ ಸುತ್ತು, 1080 ಎಂದರೆ ಮೂರು. ಎಡಗಾಲು ಮುಂದಿಟ್ಟವರು ರೆಗ್ಯುಲರ್, ಬಲಗಾಲಿನವರು ಗೂಫಿ. ನಾನು ಈ ಟಿಪ್ಪಣಿಗಳನ್ನು ತಿದ್ದಿ ಬರೆಯುವ ಹೊತ್ತಿಗೆ, 2025ರ ಜನವರಿಯಲ್ಲಿ, ಅಮೆರಿಕದ ಆಸ್ಪೆನ್‌ನಲ್ಲಿ ನಡೆಯುವ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟದ ಬಿಗ್ ಏರ್‌ನಲ್ಲಿ ಹಿರೋಟೊ ಒಗಿವಾರಾ 2340 ಡಿಗ್ರಿ, ಎಂದರೆ ಆರೂವರೆ ಸುತ್ತು ತಿರುಗಿ ಇಳಿದದ್ದೂ ಆಗಿತ್ತು.

ನೋಡಲು ಬಂದವರು ಎಷ್ಟು ಮಂದಿ? ಅಕ್ಕನ ಪ್ರಶ್ನೆಗೆ ಪ್ರಾಮಾಣಿಕವಾಗಿ ಹೇಳುವುದಾದರೆ, ಕೆಲವು ನೂರು. ಅವರಲ್ಲೂ ತರಬೇತುದಾರರು, ಹಲಗೆಯ ತಳಕ್ಕೆ ಮೇಣ ತಿಕ್ಕುವವರು, ಕ್ಯಾಮೆರಾದವರು, ಆಟಗಾರರ ತಂದೆತಾಯಿಯರನ್ನು ಕಳೆದರೆ ಉಳಿಯುವವರು ಇನ್ನೂ ಕಡಿಮೆ. ನಮ್ಮ ಸೀಮೆಯ ಒಂದು ಸಾಧಾರಣ ಕಬಡ್ಡಿ ಪಂದ್ಯಾವಳಿಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಈ ಆಟದ ಪ್ರೇಕ್ಷಕರು ಬೆಟ್ಟದ ಮೇಲಿಲ್ಲ, ಪರದೆಯ ಆಚೆಗಿದ್ದಾರೆಂಬುದು ನೆತ್ತಿಯ ಮೇಲೆ ತಂತಿಗಳಲ್ಲಿ ಓಡಾಡುತ್ತಿದ್ದ ಕ್ಯಾಮೆರಾಗಳನ್ನು ಕಂಡಾಗ ತಿಳಿಯಿತು.

ಆದರೆ ಆ ಮಧ್ಯಾಹ್ನ ನನ್ನ ಕೈಯಲ್ಲಿದ್ದ ಆಟಗಾರರ ಪಟ್ಟಿ ಬೇರೆಯೇ ಕಥೆ ಹೇಳುತ್ತಿತ್ತು. ಜಪಾನ್, ಅಮೆರಿಕ, ಸ್ವಿಟ್ಜರ್‌ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಚೀನಾ, ದಕ್ಷಿಣ ಕೊರಿಯ, ಕೆನಡಾ, ಜರ್ಮನಿ, ಇಟಲಿ, ಸ್ಲೊವೇನಿಯ: ನಾಲ್ಕು ಖಂಡಗಳಿಂದ, ಭೂಗೋಳದ ಎರಡೂ ಅರ್ಧಗಳಿಂದ ಬಂದವರು. ಸೋದರಳಿಯ ಫೈನಲ್‌ಗಿಂತ ಇದನ್ನೇ ನೋಡಬೇಕೆಂದದ್ದು ಏಕೆಂದು ಆಗ ಹೊಳೆಯಿತು. ಫೈನಲ್‌ನಲ್ಲಿ ಕಾಣುವುದು ಹತ್ತು ಹನ್ನೆರಡು ಮಂದಿಯ ಶಿಖರ. ಶಿಖರದ ಕೆಳಗಿನ ಬೆಟ್ಟ ಎಷ್ಟು ಅಗಲವಿದೆಯೆಂಬುದು ಗೊತ್ತಾಗುವುದು ಸೋಲುವವರು ಕಣ್ಣಿಗೆ ಬೀಳುವ ಈ ದಿನ ಮಾತ್ರ. ಒಬ್ಬ ಯುವಕ ಮೊದಲ ಓಟದ ಎರಡನೆಯ ಜಿಗಿತದಲ್ಲೇ ಬಿದ್ದನು. ಮುಕ್ಕಾಲು ಗಂಟೆ ಚಳಿಯಲ್ಲಿ ಕಾದು ಎರಡನೆಯ ಓಟಕ್ಕಿಳಿದು ಮೂರನೆಯ ಜಿಗಿತದಲ್ಲಿ ಮತ್ತೆ ಬಿದ್ದನು. ಭೂಮಿಯ ಆ ತುದಿಯಿಂದ ಈ ತುದಿಗೆ ಹಾರಿ ಬಂದವನ ಪಂದ್ಯ ಒಂದು ನಿಮಿಷವೂ ತುಂಬದೆ ಮುಗಿದಿತ್ತು. ಆತ ಎದ್ದು, ಹಿಮ ಕೊಡವಿಕೊಂಡು, ಮುಂದಿನವನಿಗೆ ಚಪ್ಪಾಳೆ ತಟ್ಟುತ್ತ ಬೇಲಿಯ ಪಕ್ಕದಲ್ಲಿ ನಿಂತುಕೊಂಡದ್ದು ನನಗೆ ಆ ದಿನದ ದೊಡ್ಡ ವರಸೆಗಳಿಗಿಂತ ಹೆಚ್ಚು ನೆನಪಿದೆ.

ಜಪಾನಿನವರ ಸಾಲನ್ನು ನೋಡಿ ನಾನು ಬೆರಗಾದೆ. ಒಲಿಂಪಿಕ್ಸ್‌ನ ಪುರುಷರ ಹಾಫ್‌ಪೈಪ್‌ನಲ್ಲಿ ಒಟ್ಟು 25 ಜಾಗಗಳು, ಒಂದು ದೇಶಕ್ಕೆ ಗರಿಷ್ಠ ನಾಲ್ಕು. ಬೀಜಿಂಗ್‌ಗೆ ಹೋದ ನಾಲ್ವರು ಜಪಾನೀಯರೂ ಫೈನಲ್ ತಲುಪಿದ್ದರು; ಅವರಲ್ಲಿ ಮೂವರ ಮನೆತನದ ಹೆಸರು ಹಿರಾನೊ, ಇಬ್ಬರು ಮಾತ್ರ ಅಣ್ಣತಮ್ಮಂದಿರು. ಎಂದರೆ ಆ ದೇಶದ ಐದನೆಯ ಉತ್ತಮ ಆಟಗಾರ, ಬೇರೆ ಹಲವು ದೇಶಗಳಲ್ಲಿ ಹುಟ್ಟಿದ್ದರೆ ಮೊದಲಿಗನಾಗುತ್ತಿದ್ದವನು, ಮನೆಯಲ್ಲಿ ಕುಳಿತು ಟೆಲಿವಿಷನ್ ನೋಡಬೇಕು. ಇಷ್ಟು ಮಂದಿ ತಯಾರಾಗುವುದು ಹೇಗೆಂದರೆ, ಅಲ್ಲಿ ಬೇಸಿಗೆಯಲ್ಲೂ ಅಭ್ಯಾಸ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬಿರುಗೂದಲಿನ ಹಾಸಿನ ಮೇಲೆ ಜಾರಿ, ಗಾಳಿ ತುಂಬಿದ ಮನೆಯಷ್ಟು ದೊಡ್ಡ ದಿಂಬಿನ ಮೇಲೆ ಬೀಳುವ ಕೇಂದ್ರಗಳಲ್ಲಿ ಶಾಲೆ ಬಿಟ್ಟ ಮಕ್ಕಳು ಸಂಜೆ ಹೊತ್ತು ನೂರಾರು ಸಲ ಹಾರುತ್ತಾರೆ. ಬೀಜಿಂಗ್‌ನಲ್ಲಿ ಬಿಗ್ ಏರ್ ಚಿನ್ನ ಗೆದ್ದ ಚೀನಾದ ಸು ಯಿಮಿಂಗ್‌ಗೆ, ಆಗಿನ್ನೂ 18 ತುಂಬದ ಹುಡುಗನಿಗೆ, ತರಬೇತಿ ಕೊಟ್ಟವರೂ ಜಪಾನಿನ ಯಾಸುಹಿರೊ ಸಾಟೊ.

ಹೆಣ್ಣುಮಕ್ಕಳ ಸುತ್ತು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಯಿತು. ನಾಗಾನೊದಿಂದಲೇ ಈ ಆಟದಲ್ಲಿ ಗಂಡಸರಿಗೆಷ್ಟು ಸ್ಪರ್ಧೆಗಳೋ ಹೆಂಗಸರಿಗೂ ಅಷ್ಟೇ. ಗೋಡೆಯೂ ಅದೇ, ಎತ್ತರವೂ ಅದೇ. ಅಮೆರಿಕದ ಕ್ಲೋಯಿ ಕಿಮ್ 2018ರಲ್ಲೂ 2022ರಲ್ಲೂ ಚಿನ್ನ ಗೆದ್ದಳು. ಕೊರಿಯದ ಚೋಯ್ ಗಾ-ಒನ್ 2023ರಲ್ಲಿ ಎಕ್ಸ್ ಗೇಮ್ಸ್ ಗೆದ್ದಾಗ ಅವಳಿಗೆ ಹದಿನಾಲ್ಕು ವರ್ಷ. ಎಂಟನೆಯ ತರಗತಿಯ ವಯಸ್ಸು.

ಮೂರನೆಯ ದಿನ, ಶುಕ್ರವಾರ

ರಾತ್ರಿಯಿಡೀ ಗಾಳಿ ಬೀಸಿ ಬೆಳಿಗ್ಗೆ ನೆತ್ತಿಯೆಲ್ಲ ಮಂಜಿನಲ್ಲಿ ಮುಳುಗಿತ್ತು. ಕಬ್ಬಿಣದ ಕಂಬಿಗಳ ಮೇಲೆ ಜಾರಿ, ಸಾಲು ದಿಬ್ಬಗಳನ್ನು ಹಾರಿ ಬರುವ ಸ್ಲೋಪ್‌ಸ್ಟೈಲ್ ಸ್ಪರ್ಧೆಯನ್ನು ಗಂಟೆಗಂಟೆಗೂ ಮುಂದೂಡುತ್ತ ಹೋದರು. ಮಂಜಿನಲ್ಲಿ ಇಳಿಯುವ ನೆಲ ಕಾಣದೆ ಹಾರುವುದು ಸಾಯುವ ಕೆಲಸವಾದ್ದರಿಂದ ಯಾರೂ ಗೊಣಗಲಿಲ್ಲ. ನಾವು ಕೆಳಗಿಳಿದು ಊರಿನ ಫ್ರೀಸ್ಟೈಲ್ ಅಕಾಡೆಮಿಗೆ ಹೋದೆವು. 2010ರಲ್ಲಿ ತೆರೆದ ಈ ಒಳಾಂಗಣದಲ್ಲಿ ಟ್ರಾಂಪೊಲಿನ್‌ಗಳೂ, ಸ್ಪಂಜಿನ ತುಂಡುಗಳು ತುಂಬಿದ ಗುಂಡಿಗಳೂ ಇವೆ. ಆರೇಳು ವರ್ಷದ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಆ ಗುಂಡಿಗಳಿಗೆ ಪಲ್ಟಿ ಹೊಡೆಯುತ್ತಿದ್ದರು.

ಅಲ್ಲಿನ ಚಹಾದಂಗಡಿಯಲ್ಲಿ ಕುಳಿತು ನಾವು ಹಳೆಯ ಕಥೆಗಳಿಗೆ ಹೊರಳಿದೆವು. ಆರಂಭ 1965ರ ಕ್ರಿಸ್‌ಮಸ್ ದಿನ: ಅಮೆರಿಕದ ಮಿಷಿಗನ್‌ನ ಮಸ್ಕೀಗನ್ ಎಂಬ ಊರಿನಲ್ಲಿ ಶೆರ್ಮನ್ ಪಾಪೆನ್ ಎಂಬಾತ ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿಕೊಟ್ಟನು. ಸ್ನೋ, ಎಂದರೆ ಹಿಮ, ಮತ್ತು ಸರ್ಫ್, ಎಂದರೆ ಅಲೆಯ ಮೇಲೆ ಜಾರುವ ಆಟ, ಎರಡನ್ನೂ ಕೂಡಿಸಿ ಅದಕ್ಕೆ ಸ್ನರ್ಫರ್ ಎಂದು ಹೆಸರಾಯಿತು. 1979ರಲ್ಲಿ ಅದೇ ಮಿಷಿಗನ್‌ನಲ್ಲಿ ನಡೆದ ಸ್ನರ್ಫರ್ ಪಂದ್ಯಕ್ಕೆ ಜೇಕ್ ಬರ್ಟನ್ ಕಾರ್ಪೆಂಟರ್ ಪಾದ ಕಟ್ಟುವ ಪಟ್ಟಿಯಿರುವ ತನ್ನದೇ ಹಲಗೆಯನ್ನು ತಂದಾಗ, ಇದು ಸ್ನರ್ಫರ್ ಅಲ್ಲವೆಂದು ಉಳಿದವರು ತಕರಾರು ತೆಗೆದರು. ಮುಂದೆ ಆಟವಾಗಿ ಬೆಳೆದದ್ದು ಆ ತಕರಾರಿನ ಹಲಗೆಯೇ. ಸ್ಕೀ ಬೆಟ್ಟಗಳ ಮಾಲೀಕರು ಈ ಹುಡುಗರನ್ನು ದೀರ್ಘಕಾಲ ಒಳಗೆ ಬಿಡಲಿಲ್ಲ. ಆಸ್ಪೆನ್ ಬೆಟ್ಟವೇ 2001ರವರೆಗೆ ಬಾಗಿಲು ತೆರೆದಿರಲಿಲ್ಲ. ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಇವತ್ತಿಗೂ ತೆರೆದಿಲ್ಲ.

ಹೊರಗಿಟ್ಟವರ ಆಟವಾದ್ದರಿಂದ ಒಳಗೆ ಕರೆದಾಗಲೂ ಅನುಮಾನವಿತ್ತು. ಆಟಗಾರರೇ 1990ರಲ್ಲಿ ತಮ್ಮದೊಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಒಲಿಂಪಿಕ್ಸ್ ಸಮಿತಿ ಆ ಒಕ್ಕೂಟವನ್ನು ಬಿಟ್ಟು ಸ್ಕೀ ಒಕ್ಕೂಟದ ಕೈಗೆ ಸ್ಪರ್ಧೆಯನ್ನು ಕೊಟ್ಟಾಗ, ಆ ಕಾಲದ ಅತ್ಯುತ್ತಮ ಹಾಫ್‌ಪೈಪ್ ಆಟಗಾರನೆನಿಸಿದ್ದ ನಾರ್ವೆಯ ಟೆರ್ಯೆ ಹಾಕೊನ್ಸೆನ್ ನಾಗಾನೊಗೆ ಹೋಗಲೇ ಇಲ್ಲ. ಅಲ್ಲಿ ಮೊದಲ ಚಿನ್ನ ಗೆದ್ದ ಕೆನಡಾದ ರಾಸ್ ರೆಬಾಗ್ಲಿಯಾಟಿಯ ಪರೀಕ್ಷೆಯಲ್ಲಿ ಗಾಂಜಾದ ಅಂಶ ಸಿಕ್ಕಿ, ಪದಕವನ್ನು ಕಿತ್ತುಕೊಂಡು, ನಿಯಮದಲ್ಲಿ ಅದಕ್ಕೆ ಆಧಾರವಿಲ್ಲವೆಂದು ಗೊತ್ತಾಗಿ ಮತ್ತೆ ಕೊಡಬೇಕಾಯಿತು. ಆಟಗಾರರ ಒಕ್ಕೂಟ 2002ರಲ್ಲಿ ಮುಚ್ಚಿಹೋಯಿತು. ನಾಗಾನೊದಲ್ಲಿ ನಾಲ್ಕಿದ್ದ ಸ್ನೋಬೋರ್ಡ್ ಚಿನ್ನಗಳು ಬೀಜಿಂಗ್‌ನಲ್ಲಿ ಹನ್ನೊಂದಾದವು. ಹಾಕೊನ್ಸೆನ್ ಸೋತನೆಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಇಂದಿನ ಆಟಗಾರರಲ್ಲಿ ಹೆಚ್ಚಿನವರು ಒಲಿಂಪಿಕ್ಸ್ ಅರ್ಹತೆಯ ಅಂಕಗಳನ್ನು ಲೆಕ್ಕ ಹಾಕುತ್ತಲೇ ಋತುವನ್ನು ಕಳೆಯುತ್ತಾರೆಂಬುದು ಎರಡು ದಿನಗಳಲ್ಲಿ ನನ್ನ ಕಿವಿಗೇ ಬಿದ್ದಿತ್ತು.

"ಸ್ನೋಬೋರ್ಡಿಂಗ್ ಅಂದರೆ ಒಂದೇ ಆಟವಲ್ಲ, ಮಾವ" ಎಂದು ಸೋದರಳಿಯ ಕಾಗದದ ಕರವಸ್ತ್ರದ ಮೇಲೆ ಜಗತ್ತಿನ ನಕ್ಷೆಯನ್ನು ಗೀಚಿದನು. ಎರಡು ಸಾಲು ಕಂಬಗಳ ನಡುವೆ ಇಬ್ಬರು ಪಕ್ಕಪಕ್ಕದಲ್ಲಿ ಓಡುವ ಪ್ಯಾರಲೆಲ್ ಸ್ಪರ್ಧೆಯ ನಕ್ಷೆಯಲ್ಲಿ ಆಸ್ಟ್ರಿಯ, ಇಟಲಿ, ಸ್ಲೊವೇನಿಯ, ಬಲ್ಗೇರಿಯ ದೊಡ್ಡ ದೇಶಗಳು. 2018ರಲ್ಲಿ ಒಂದೇ ಕ್ರೀಡಾಕೂಟದಲ್ಲಿ ಸ್ಕೀಯಲ್ಲೊಂದು, ಸ್ನೋಬೋರ್ಡಿನಲ್ಲೊಂದು ಚಿನ್ನ ಗೆದ್ದ ಜೆಕ್ ದೇಶದ ಎಸ್ತೆರ್ ಲೆಡೆಟ್ಸ್ಕಾ ಈ ವಿಭಾಗದವಳು. ಕೊರಿಯಕ್ಕೆ ಹಿಮದ ಕ್ರೀಡೆಗಳಲ್ಲಿ ಮೊದಲ ಒಲಿಂಪಿಕ್ ಪದಕ ತಂದ ಲೀ ಸಾಂಗ್-ಹೊ ಕೂಡ. ನಾಲ್ಕಾರು ಮಂದಿ ಒಟ್ಟಿಗೆ ನುಗ್ಗುವ ಸ್ನೋಬೋರ್ಡ್ ಕ್ರಾಸ್‌ನ ನಕ್ಷೆ ಬೇರೆ. ಅಲ್ಲಿ ಫ್ರಾನ್ಸ್, ಇಟಲಿ, ಅಮೆರಿಕ ಮುಂದು. 2006ರಲ್ಲಿ ಅಮೆರಿಕದ ಲಿಂಡ್ಸೆ ಜೇಕಬೆಲ್ಲಿಸ್ ಎಲ್ಲರಿಗಿಂತ ಬಹಳ ಮುಂದಿದ್ದು, ಗೆಲುವಿನ ಗೆರೆಗೆ ಸ್ವಲ್ಪ ಮೊದಲು ಗತ್ತಿಗಾಗಿ ಹಲಗೆಯನ್ನು ಹಿಡಿದು ಹಾರಿ ಬಿದ್ದಳು. ಸ್ವಿಟ್ಜರ್‌ಲೆಂಡಿನ ತಾನ್ಯಾ ಫ್ರೀಡೆನ್ ಚಿನ್ನ ಒಯ್ದಳು. ಜೇಕಬೆಲ್ಲಿಸ್ ಆ ಚಿನ್ನಕ್ಕಾಗಿ ಹದಿನಾರು ವರ್ಷ ಕಾದು, 36ನೆಯ ವಯಸ್ಸಿನಲ್ಲಿ ಬೀಜಿಂಗ್‌ನಲ್ಲಿ ಗೆದ್ದಳು. ಈ ಕಥೆಯನ್ನು ಚಹಾದಂಗಡಿಯ ಹೆಂಗಸೂ ನಮ್ಮ ಮಾತಿನಲ್ಲಿ ಹೆಸರುಗಳನ್ನಷ್ಟೇ ಗುರುತಿಸಿ ನಕ್ಕು ಸೇರಿಕೊಂಡಳು. ಫ್ರೀಡೆನ್ ಎಂಬ ಹೆಸರು ಈ ದೇಶದಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಜನಪ್ರಿಯತೆಯ ದೊಡ್ಡ ಅಂಕಿಗಳ ವಿಷಯದಲ್ಲಿ ನನಗೆ ಸ್ವಲ್ಪ ಸಂಶಯವೇ. 2015ರಿಂದ 2021ರ ನಡುವೆ 34.6 ಕೋಟಿ ಜನರು ಹಿಮ ಮತ್ತು ಮಂಜುಗಡ್ಡೆಯ ಕ್ರೀಡೆಗಳಲ್ಲಿ ಭಾಗವಹಿಸಿದರೆಂದು ಚೀನಾ ಹೇಳಿಕೊಂಡಿದೆ. ಒಮ್ಮೆ ಮಂಜುಗಡ್ಡೆಯ ಮೇಲೆ ಕಾಲಿಟ್ಟವರನ್ನೂ ಎಣಿಸಿದರೆ ಯಾವ ಸಂಖ್ಯೆಯೂ ದೊಡ್ಡದಾಗುತ್ತದೆ. ಅದರ ಪಕ್ಕದಲ್ಲಿ, ಭಾರತದಿಂದ 2022ರ ಒಲಿಂಪಿಕ್ಸ್‌ವರೆಗೆ ಸ್ನೋಬೋರ್ಡಿಂಗ್‌ಗೆ ಒಬ್ಬರೂ ಹೋಗಿರಲಿಲ್ಲವೆಂಬುದು ಸಣ್ಣದಾದರೂ ಗಟ್ಟಿಯಾದ ಸಂಖ್ಯೆ. ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದ್ದು, ಅಲ್ಲಿ ಸ್ನೋಬೋರ್ಡ್ ಸ್ಪರ್ಧೆಯೂ ಇದೆ.

ನಾಲ್ಕನೆಯ ದಿನ, ಶನಿವಾರ

ಹಾಫ್‌ಪೈಪ್ ಫೈನಲ್ ಸಂಜೆ, ದೀಪಗಳ ಬೆಳಕಿನಲ್ಲಿ. ಆದರೆ ನನ್ನ ಕಚೇರಿಯಲ್ಲಿ ಅದೇ ರಾತ್ರಿ ಸಾಫ್ಟ್‌ವೇರ್ ಬದಲಾಯಿಸುವ ಪಾಳಿ ನನ್ನ ಪಾಲಿಗೆ ಬಿದ್ದಿದ್ದರಿಂದ ಮಧ್ಯಾಹ್ನವೇ ಹಿಂದಿರುಗಬೇಕಾಗಿತ್ತು. ಸೋದರಳಿಯ ಉಳಿದುಕೊಂಡನು. ಹೊರಡುವ ಮೊದಲು ಇಬ್ಬರೂ ಮತ್ತೊಮ್ಮೆ ಮೇಲಕ್ಕೆ ಹೋದೆವು. ಆಟಗಾರರು ಇನ್ನೂ ಬಂದಿರಲಿಲ್ಲ. ಗೋಡೆಯ ವಕ್ರತೆಗೆ ತಕ್ಕಂತೆ ಬಾಗಿದ ಉದ್ದ ಕೈಯುಳ್ಳ ಯಂತ್ರವೊಂದು ನಿಧಾನವಾಗಿ ಸಾಗುತ್ತ ಗೋಡೆಯನ್ನು ಹೆರೆಯುತ್ತಿತ್ತು. ಅದರ ಹಿಂದೆ ನಾಲ್ಕಾರು ಮಂದಿ ಸಲಿಕೆ, ಗೋರೆ ಹಿಡಿದು ಅಂಚನ್ನು ತಿದ್ದುತ್ತಿದ್ದರು. ಇಂಥದೊಂದನ್ನು ಕಟ್ಟಲು ಬೇಕಾಗುವ ಹಿಮ, ಯಂತ್ರ ಮತ್ತು ಕೈಕೆಲಸ ಎಷ್ಟು ದುಬಾರಿಯೆಂದರೆ ಹಲವು ಬೆಟ್ಟಗಳು ತಮ್ಮಲ್ಲಿದ್ದ ದೊಡ್ಡ ಹಾಫ್‌ಪೈಪ್‌ಗಳನ್ನು ಕೈಬಿಟ್ಟಿವೆ. ಅದಕ್ಕಾಗಿಯೇ ಇವರ ವರ್ಷ ಒಂದು ದೊಡ್ಡ ಅಲೆದಾಟ: ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ಕಾರ್ಡ್ರೋನಾ, ಶರತ್ಕಾಲದಲ್ಲಿ ಸ್ವಿಟ್ಜರ್‌ಲೆಂಡಿನದೇ ಸಾಸ್-ಫೀ ಹಿಮನದಿ, ಡಿಸೆಂಬರ್‌ನಲ್ಲಿ ಚೀನಾದ ಸೀಕ್ರೆಟ್ ಗಾರ್ಡನ್ ಮತ್ತು ಅಮೆರಿಕದ ಕಾಪರ್ ಮೌಂಟನ್, ಜನವರಿಯಲ್ಲಿ ಇಲ್ಲಿ, ಆಮೇಲೆ ಆಸ್ಪೆನ್, ಕೆನಡಾದ ಕ್ಯಾಲ್ಗರಿ. ಜಗತ್ತಿನ ತುಂಬ ಹರಡಿದ ಆಟವೆಂದು ಹೊರಗಿನವರಿಗೆ ಕಾಣುವುದು, ಒಳಗಿನವರಿಗೆ ಬೆರಳೆಣಿಕೆಯ ಬೆಟ್ಟಗಳ ನಡುವೆ ತಿರುಗುವ ಒಂದು ಸಣ್ಣ ಕುಟುಂಬ.

ಕೂರ್‌ಗೆ ಇಳಿಯುವ ಬಸ್ಸಿನಲ್ಲಿ ನನ್ನ ಎದುರು ಗುರುವಾರ ಸೋತ ಹುಡುಗಿಯೊಬ್ಬಳು ಕುಳಿತಿದ್ದಳು. ಜಾಕೆಟ್ಟಿನ ತೋಳಿನ ಮೇಲೆ ನ್ಯೂಜಿಲೆಂಡಿನ ಬಾವುಟವಿತ್ತು. ಅವಳ ಹಲಗೆಚೀಲ ಓಡಾಡುವ ದಾರಿಯನ್ನು ಅಡ್ಡಗಟ್ಟಿದ್ದರಿಂದ ಫ್ಲಿಮ್ಸ್‌ನಲ್ಲಿ ತರಕಾರಿ ಚೀಲ ಹಿಡಿದು ಹತ್ತಿದ ಅಜ್ಜಿಯೊಬ್ಬರು ಅದನ್ನು ಕಾಲಿನಿಂದ ಸರಿಸಿ, ಅವಳ ಪಕ್ಕದಲ್ಲೇ ಕುಳಿತು, ಜರ್ಮನ್ ಭಾಷೆಯಲ್ಲಿ ಫೈನಲ್ ಎಷ್ಟು ಗಂಟೆಗೆಂದು ವಿಚಾರಿಸಿದರು. ಹುಡುಗಿಗೆ ಅರ್ಥವಾಗಲಿಲ್ಲ, ನಾನು ಮಧ್ಯೆ ಬಾಯಿ ಹಾಕಿ ಹೇಳಿದೆ. ಟಿವಿಯಲ್ಲಿ ಬರುತ್ತದಲ್ಲ, ತಪ್ಪದೆ ನೋಡುತ್ತೇನೆಂದು ಅಜ್ಜಿ ತಲೆಯಾಡಿಸಿದರು. ಕೂರ್‌ನಲ್ಲಿ ಇಳಿಯುವಾಗ ಚೀಲದ ಒಂದು ತುದಿಯನ್ನು ನಾನು ಹಿಡಿದೆ. ಒಳಗೆ ಮೂರು ಹಲಗೆಗಳಿವೆ, ಮುರಿದರೆ ಇರಲೆಂದು, ಎಂದಳು. ಅವಳ ತಂಡದವರು ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು, ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿಗೆ ಇನ್ನು ಏಳು ನಿಮಿಷವಿತ್ತು.